ಖಾಲಿ ಲಾರಿಯ ತೂಕ

ಡುಲುತ್ ಬಂದರಿನ ತೂಕದ ಕಟ್ಟೆಯಲ್ಲಿ
ನನಗೀಗ ಹತ್ತೊಂಬತ್ತನೇ ವರ್ಷ.
ಗೋಧಿ ತುಂಬಿದ ಲಾರಿ ಬರುತ್ತದೆ, ತೂಗುತ್ತೇನೆ.
ಸುರಿದು ಹಗುರಾಗಿ ಮರಳುತ್ತದೆ, ಮತ್ತೆ ತೂಗುತ್ತೇನೆ.
ದೊಡ್ಡದರಲ್ಲಿ ಚಿಕ್ಕದು ಕಳೆದರೆ ಉಳಿದದ್ದು ಕಾಳು.
ಇಷ್ಟೇ ನನ್ನ ವಿದ್ಯೆ.
ಇದಕ್ಕೆ ಯಾವ ಕಾಲೇಜೂ ಬೇಕಾಗಲಿಲ್ಲ.

ಮಾರ್ಚ್ ಬಂದರೂ ಸರೋವರದ ಹಿಮಗಡ್ಡೆ ಬಿರಿದಿಲ್ಲ.
ಅಡುಗೆಮನೆಯ ಮೇಜಿನ ಮೇಲೆ ಸಿಗ್ನಿಯ ಕಾಗದ:
ವರ್ಷಕ್ಕೆ ಮೂವತ್ತೊಂದು ಸಾವಿರ ಡಾಲರ್,
ಕಾಲೇಜು ತಾನೇ ಬಿಟ್ಟುಕೊಡುವುದು ಒಂಬತ್ತು,
ಮಿಕ್ಕಿದ್ದರ ಎದುರು ದಪ್ಪಕ್ಷರದಲ್ಲಿ,
ಕುಟುಂಬದ ಪಾಲು.
ಕುಟುಂಬ ಅಂದರೆ ಯಾರ್ಯಾರು, ಅದನ್ನು ಬರೆದಿಲ್ಲ.

ಲೋರ್ನಾ ಕನ್ನಡಕ ತಲೆಗೇರಿಸಿ ಪೆನ್ಸಿಲ್ ಕಚ್ಚುತ್ತಾಳೆ.
ಹಲ್ಲಿನ ದವಾಖಾನೆಯ ತನ್ನ ಸಂಬಳದಿಂದ ಎಂಟು.
ಮೊಂಟಾನಾದಲ್ಲಿರುವ ಹುಡುಗಿಯ ಅಪ್ಪ
ಫೋನಿನಲ್ಲಿ ಒಪ್ಪಿದ್ದು ನಾಲ್ಕು
(‘ಒಪ್ಪಿದ್ದು’ ಎಂಬುದರ ಕೆಳಗೆ ಅವಳೆಳೆದ ಗೆರೆ
ನೆಟ್ಟಗಿಲ್ಲ).
ಹುಡುಗಿಯ ಹೆಸರಲ್ಲಿ ಸಾಲ ಐದು.
ಇನ್ನೂ ಐದು ಉಳಿಯಿತು.
ಅದರ ಮುಂದೆ ಏನೂ ಬರೆಯದೆ
ಕಾಫಿ ಬಿಸಿಮಾಡಲು ಎದ್ದಳು.

ಆ ಐದು ನಾನು.
ಅಥವಾ ನಾನಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ಇದು ಯಾರ ಹಾಸಿಗೆ, ಯಾರ ಕಾಲು?

ಏಳು ವರ್ಷದ ಹಿಂದೆ ಎರಡು ಪೆಟ್ಟಿಗೆ,
ಒಂದು ಗಾಳದ ಕೋಲು ಹಿಡಿದು ಈ ಮನೆ ಹೊಕ್ಕಾಗ
ಹನ್ನೊಂದರ ಪೋರಿ ಬಾಗಿಲಲ್ಲೇ ಹೇಳಿದ್ದಳು:
‘ನಿನ್ನನ್ನು ಆರ್ವೋ ಅಂತಲೇ ಕರೀತೀನಿ.’
ತಕರಾರಿಲ್ಲ, ನನ್ನ ಹೆಸರೇ ಅದು.

ನನಗೆ ಹದಿನೆಂಟು ತುಂಬಿದ ಬೆಳಿಗ್ಗೆ ನನ್ನಪ್ಪ
ಒಂದು ಜೊತೆ ಬೂಟು ಕೊಟ್ಟ.
ಎಡಗಾಲಿನದರೊಳಗೆ ಇಪ್ಪತ್ತು ಡಾಲರ್ ಮಡಚಿಟ್ಟಿದ್ದ,
ಅದು ಸಿಕ್ಕಿದ್ದು ಬಸ್ಸಿನಲ್ಲಿ, ಬೆರಳಿಗೆ ಚುಚ್ಚಿದಾಗ.
ಕೈಕಾಲಿದ್ದವನಿಗೆ ಬೂಟು ಸಾಕು ಎಂದು
ಬಹಳ ಕಾಲ ಜಂಬದಿಂದ ಹೇಳಿಕೊಂಡು ತಿರುಗಿದೆ.
ಇಪ್ಪತ್ತರ ಮಾತನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಆರೂವರೆಗೆ ಕಾರಿನ ಗಾಜಿನ ಮಂಜು ಕೆರೆಯುತ್ತಿದ್ದೆ.
ಸಿಗ್ನಿ ಆ ಬದಿಯಿಂದ ಕೆರೆಯತೊಡಗಿದಳು.
‘ಆ ಐದು ನಿನ್ನಿಂದ ಬೇಡ, ಆರ್ವೋ.
ಸಾಲ ಹತ್ತು ಮಾಡ್ಕೋತೀನಿ.
ನಿನಗೆ ಸಂಬಂಧ ಇಲ್ಲದ್ದು.’

ಒಳ್ಳೆಯ ಮನಸ್ಸಿನಿಂದಲೇ ಅಂದಳು.
ರಾತ್ರಿಯಿಡೀ ನಾನೂ ಹುಡುಕಿದ್ದು ಇದೇ ವಾಕ್ಯವನ್ನು,
ನನ್ನ ಬಾಯಿಗೆ ಹೊಂದುವಂತೆ ತಿರುಗಿಸಿ ಮುರುಗಿಸಿ.
ಅವಳ ಬಾಯಲ್ಲಿ ಕೇಳಿದಾಗ
ಕೆರೆಯುವ ಕೈ ನಿಂತಿತು.

ತೂಕದ ಕಟ್ಟೆಯಲ್ಲಿ ಒಂದು ಕಟ್ಟಳೆ ಉಂಟು:
ಡ್ರೈವರ್ ಒಳಗೆ ಕೂತಿದ್ದರೆ ಎರಡು ಸಲವೂ ಕೂತಿರಬೇಕು,
ಇಳಿದರೆ ಎರಡು ಸಲವೂ ಇಳಿಯಬೇಕು.
ಒಮ್ಮೆ ಇದ್ದು ಒಮ್ಮೆ ಇಲ್ಲದಿದ್ದರೆ
ಕಾಳಿನ ಲೆಕ್ಕ ಸುಳ್ಳು.

ಇದನ್ನವಳಿಗೆ ಹೇಳಲಿಲ್ಲ.
‘ಐದು’ ಅಂದೆ.
‘ಸೊನ್ನೆ’ ಅಂದಳು.
‘ನಾಲ್ಕೂವರೆ.’
‘ಒಂದು. ಅದೂ ಪುಸ್ತಕಕ್ಕೆ ಮಾತ್ರ.’
ಸಂತೆಯಲ್ಲಿ ಹೀಗೆ ಉಲ್ಟಾ ಚೌಕಾಸಿ ಮಾಡುವವರನ್ನು
ನಾನಂತೂ ಕಂಡಿಲ್ಲ.
ಗಾಜು ತಿಳಿಯಾಗುವ ಹೊತ್ತಿಗೆ ಮೂರಕ್ಕೆ ಬಂದಿದ್ದೆವು.
ಎರಡು ಅವಳು ಅಲ್ಲಿನ ಊಟದ ಮನೆಯಲ್ಲಿ ದುಡಿಯುತ್ತಾಳಂತೆ.
‘ಹಂಗಿಸಬಾರದು’ ಅಂದಳು, ‘ಯಾವತ್ತೂ.’
‘ಏನು ಓದ್ತೀಯ ಅಂತಲಾದರೂ ಕೇಳಬಹುದಾ?’
‘ಕೆಸರು.’
‘ಏನು?’
‘ಸರೋವರದ ತಳದ ಕೆಸರು. ಸಾವಿರಾರು ವರ್ಷದ್ದು
ಪದರಪದರವಾಗಿ ಕೂತಿರುತ್ತೆ. ನಗಬೇಡ.’

ನಗಲಿಲ್ಲ. ವರ್ಷಕ್ಕೆ ಮೂರು, ನಾಲ್ಕು ವರ್ಷ,
ಹನ್ನೆರಡು ಸಾವಿರ ಡಾಲರಿನ ಕೆಸರು ಎಂದು
ಒಳಗೊಳಗೇ ತೂಗಿದೆ, ಅಭ್ಯಾಸಬಲ.

ಸಂಜೆ ಲೋರ್ನಾಳ ಐದನ್ನು ಅಳಿಸಿ ಮೂರು ಬರೆದೆ.
ಪಕ್ಕದ ಅಂಕಣದಲ್ಲಿ ಕೇಳಿದ್ದರು:
ವಿದ್ಯಾರ್ಥಿಗೆ ಏನಾಗಬೇಕು?
ಜೇಬಿನ ಪೆನ್ನು ಚಳಿಗೆ ಕಟ್ಟಿತ್ತು, ಬರೆಯಲೊಲ್ಲದು.
ಅಂಗೈಗಳ ನಡುವೆ ಇಟ್ಟು ಉಜ್ಜುತ್ತ ಕೂತೆ.
ಮಹಡಿಯಿಂದ ಸಿಗ್ನಿ ಕೂಗಿದಳು:
ಆರ್ವೋ, ನನ್ನ ಉಣ್ಣೆಯ ಕಾಲುಚೀಲ ನೀನು ಹಾಕ್ಕೊಂಡಿದ್ದೀಯಾ?